ಆರಿಸುವವರ ಹೆಸರು

2022ರ ಅಕ್ಟೋಬರಿನಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ‘ಶಿವಮ್ಮ’ ಎಂಬ ಕನ್ನಡ ಸಿನಿಮಾಕ್ಕೆ ನ್ಯೂ ಕರೆಂಟ್ಸ್ ಪ್ರಶಸ್ತಿ ಬಂತು. ಏಷ್ಯಾದ ಹೊಸ ನಿರ್ದೇಶಕರಿಗೆಂದೇ ಇದ್ದ ಪ್ರಶಸ್ತಿ ಅದು. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ ಶಾಲೆಯ ಅಡುಗೆ ಮಾಡಿಕೊಂಡಿರುವ ಹೆಂಗಸೊಬ್ಬಳು ನೆಟ್‌ವರ್ಕ್ ಮಾರ್ಕೆಟಿಂಗ್ ಎಂಬ ಸುಳಿಗೆ ಬಿದ್ದು, ಕೈಲಿದ್ದ ದುಡ್ಡನ್ನೆಲ್ಲ ಅದಕ್ಕೆ ಸುರಿಯುವ ಕಥೆ. ಮುಖ್ಯ ಪಾತ್ರ ಮಾಡಿದ ಶರಣಮ್ಮ ಚೆಟ್ಟಿ ವೃತ್ತಿಯಿಂದ ನಟಿಯಲ್ಲ. ನಿರ್ದೇಶಕ ಜೈಶಂಕರ್ ಆರ್ಯರ್ ಬಗ್ಗೆ, ನಿರ್ಮಾಪಕ ರಿಷಬ್ ಶೆಟ್ಟಿ ಬಗ್ಗೆ ನಮ್ಮ ಪತ್ರಿಕೆಗಳು ಬರೆದವು, ಬರೆಯಬೇಕಾದದ್ದೇ. ಆದರೆ ಇಡೀ ಏಷ್ಯಾದಿಂದ ಬಂದು ಬಿದ್ದ ಚಿತ್ರಗಳ ರಾಶಿಯಲ್ಲಿ ಕೊಪ್ಪಳ ಸೀಮೆಯ ಆಡುಮಾತಿನ ಈ ಸಿನಿಮಾವನ್ನು ಹೆಕ್ಕಿ ತೆಗೆದು, ಇದು ನಮ್ಮಲ್ಲಿ ತೋರಿಸತಕ್ಕದ್ದು ಎಂದು ನಿರ್ಧರಿಸಿದವರು ಯಾರು? ಆ ಪ್ರಶ್ನೆಯನ್ನು ಯಾರೂ ಕೇಳಿದಂತೆ ಕಾಣಲಿಲ್ಲ.

ಕೇಳಿದ್ದರೆ ಉತ್ತರ ಸುಲಭವಾಗಿ ಸಿಗುತ್ತಿತ್ತು. ಬುಸಾನ್‌ನ ಕ್ಯಾಟಲಾಗಿನಲ್ಲಿ ಪ್ರತಿ ಚಿತ್ರಕ್ಕೂ ಒಂದು ಪುಟ್ಟ ಟಿಪ್ಪಣಿ ಇರುತ್ತದೆ. ಕಥೆ ಹೀಗಿದೆ, ಚಿತ್ರ ಯಾಕೆ ನೋಡಬೇಕು, ನಿರ್ದೇಶಕ ಎಲ್ಲಿ ಗೆದ್ದಿದ್ದಾನೆ ಎಂದು ಹತ್ತಾರು ಸಾಲು. ಆ ಸಾಲುಗಳ ಕೊನೆಗೆ, ಆವರಣದೊಳಗೆ, ಚಿತ್ರವನ್ನು ಆರಿಸಿ ಟಿಪ್ಪಣಿ ಬರೆದ ಪ್ರೋಗ್ರಾಮರ್‌ನ ಹೆಸರು. ಇಷ್ಟೇ. ನನ್ನ ಮಟ್ಟಿಗೆ ಒಂದು ಚಿತ್ರೋತ್ಸವದ ಮರ್ಯಾದೆಯೆಲ್ಲ ಆ ಒಂದು ಹೆಸರಿನಲ್ಲಿದೆ. ಈ ಚಿತ್ರವನ್ನು ಆರಿಸಿದವನು ನಾನು, ನಿಮಗೆ ಹಿಡಿಸದಿದ್ದರೆ ನನ್ನನ್ನು ಕೇಳಿ ಎಂದು ಒಬ್ಬ ಮನುಷ್ಯ ರುಜು ಹಾಕಿ ನಿಂತಿದ್ದಾನೆ. ಆ ರುಜು ಹಾಕುವವನನ್ನು ನೇಮಿಸುವವರು ಯಾರು, ತೆಗೆಯಬಲ್ಲವರು ಯಾರು, ಅವನ ಮೇಲೆ ಯಾರ ಕೈ ಇದೆ ಎಂಬುದರ ಮೇಲೆ ಉತ್ಸವದ ಬದುಕು ನಿಂತಿರುತ್ತದೆ. ಕಟ್ಟಡ, ಕೆಂಪುಹಾಸು, ತಾರೆಯರು ಎಲ್ಲ ಆಮೇಲಿನದು. ಮೂವತ್ತು ವರ್ಷಗಳ ಬುಸಾನ್‌ನ ಕಥೆ ಇದನ್ನು ಎರಡೂ ಕಡೆಯಿಂದ ತೋರಿಸಿಕೊಟ್ಟಿದೆ. ಹೊರಗಿನ ಕೈ ಮೇಲೆ ಬಿದ್ದಾಗ ಏನಾಗುತ್ತದೆ, ಒಳಗಿನ ಕೈ ಬಿಗಿಯಾದಾಗ ಏನಾಗುತ್ತದೆ ಎಂದು.

ಮೊದಲು ಈ ಕೆಲಸ ಏನೆಂದು ಹೇಳಬೇಕು. ಚಿತ್ರ ಆರಿಸುವುದೆಂದರೆ ಕುರ್ಚಿಯಲ್ಲಿ ಕೂತು ಸಿನಿಮಾ ನೋಡುವ ಸುಖದ ಕೆಲಸ ಎಂದು ಹೊರಗಿನವರಿಗೆ ಅನ್ನಿಸುತ್ತದೆ. ನೋಡುವುದು ಅದರಲ್ಲಿ ಸಣ್ಣ ಪಾಲು. ಬುಸಾನ್‌ನಲ್ಲಿ ಪ್ರೋಗ್ರಾಮರ್‌ಗಳು ಪ್ರದೇಶಗಳನ್ನು ಹಂಚಿಕೊಂಡಿರುತ್ತಾರೆ. ಕೊರಿಯಾ ಒಬ್ಬರಿಗೆ, ಏಷ್ಯಾದ ಒಂದೊಂದು ಭಾಗ ಒಬ್ಬೊಬ್ಬರಿಗೆ, ಹೊರಗಿನ ಲೋಕ ಇನ್ನೊಬ್ಬರಿಗೆ. ಭಾರತದಂಥ ದೇಶ ಪಾಲಿಗೆ ಬಂದವರಿಗೆ ಹಿಂದಿ ಬೇರೆ, ಮಲಯಾಳ ಬೇರೆ, ಕನ್ನಡ ಬೇರೆ ಎಂದು ಗೊತ್ತಿರಬೇಕು. ಮುಂಬೈನಲ್ಲಿ ಯಾರ ಮಾತು ನಂಬಬಹುದು, ಶಿರಸಿಯ ಕಡೆಯ ಹುಡುಗನೊಬ್ಬ ಕ್ಯಾಮೆರಾ ಹಿಡಿದಿದ್ದಾನೆಂಬ ಸುದ್ದಿ ಯಾರ ಬಾಯಿಂದ ಬರುತ್ತದೆ ಎಂದೂ ಗೊತ್ತಿರಬೇಕು. ಎಡಿಟಿಂಗ್ ಇನ್ನೂ ಮುಗಿಯದ, ಧ್ವನಿ ಕೂರದ, ಬಣ್ಣ ತಿದ್ದದ ಕಾಪಿಯನ್ನು ನೋಡಿ, ಮುಗಿದಾಗ ಇದು ಏನಾಗಬಹುದು ಎಂದು ಊಹಿಸಬೇಕು. ಮೊದಲ ಪ್ರದರ್ಶನ ನಮ್ಮಲ್ಲೇ ಆಗಲಿ ಎಂದು ಬೇರೆ ಉತ್ಸವಗಳ ಜೊತೆ ಪೈಪೋಟಿ ನಡೆಸಬೇಕು. ಆರಿಸಿದ ಮೇಲೆ ಕೊರಿಯನ್ ಸಬ್‌ಟೈಟಲ್, ವೀಸಾ, ವಿಮಾನದ ಟಿಕೆಟ್ಟು. ಪ್ರದರ್ಶನ ಮುಗಿದ ಮೇಲೆ ನಿರ್ದೇಶಕನ ಪಕ್ಕ ನಿಂತು ಪ್ರೇಕ್ಷಕರ ಪ್ರಶ್ನೆಗಳನ್ನು ಎದುರಿಸಬೇಕು. ಕೊರಿಯಾದಲ್ಲಿ ಇದಕ್ಕೆ ಗೆಸ್ಟ್ ವಿಸಿಟ್, ಚಿಕ್ಕದಾಗಿ ಜಿವಿ ಎನ್ನುತ್ತಾರೆ. ಊರು ಕೇರಿ ಗೊತ್ತಿಲ್ಲದ ಸಿನಿಮಾಕ್ಕೂ ಇಪ್ಪತ್ತರ ಹರೆಯದ ಹುಡುಗ ಹುಡುಗಿಯರು ಮುಗಿಬಿದ್ದು ಟಿಕೆಟ್ಟು ಕೊಂಡು, ಜಿವಿಗೆ ಕೂತು ಪ್ರಶ್ನೆ ಕೇಳುವ ಪ್ರೇಕ್ಷಕವರ್ಗ ಬುಸಾನ್‌ಗೆ ತಾನಾಗಿ ಸಿಕ್ಕಿದ್ದಲ್ಲ, ವರ್ಷ ವರ್ಷ ಕಟ್ಟಿಕೊಂಡದ್ದು.

ಕಟ್ಟಿದವರು ಕೆಲವೇ ಜನ. ಕಿಮ್ ಜಿ-ಸೊಕ್, ಲೀ ಯಾಂಗ್-ಕ್ವಾನ್, ಜೇ ಜಿಯಾನ್ ಎಂಬ ಮೂವರು ಸಿನಿಮಾ ವಿಮರ್ಶೆ ಮತ್ತು ಪಾಠ ಹೇಳುವ ಲೋಕದಿಂದ ಬಂದವರು. ನಿರ್ದೇಶಕ ಪಾರ್ಕ್ ಕ್ವಾಂಗ್-ಸು ಅವರ ಜೊತೆಗಾರ. ಬುಸಾನ್ ಆಗ ಬಂದರು, ಮೀನು ಮತ್ತು ಹಡಗುಗಳಿಗೆ ಹೆಸರಾದ ಊರು. ಸಿನಿಮಾದ ಎಲ್ಲ ವ್ಯವಹಾರವೂ ಸೋಲ್‌ನಲ್ಲಿ. ಈ ಊರಲ್ಲಿ ಅಂತರರಾಷ್ಟ್ರೀಯ ಚಿತ್ರೋತ್ಸವ ಎಂದರೆ ನಗುವವರೇ ಹೆಚ್ಚಿದ್ದ ಕಾಲದಲ್ಲಿ ಅವರಿಗೆ ಸರ್ಕಾರದ ಬಾಗಿಲುಗಳನ್ನು ತಟ್ಟಬಲ್ಲ ಒಬ್ಬ ಹಿರಿಯ ಬೇಕಾಗಿತ್ತು. ಅವರು ಹೋಗಿ ಹಿಡಿದದ್ದು ಕಿಮ್ ಡಾಂಗ್-ಹೋ ಅವರನ್ನು. ಈ ಆಯ್ಕೆಯ ವಿಶೇಷವನ್ನು ಗಮನಿಸಬೇಕು. ಅವರು ಸಂಸ್ಕೃತಿ ಇಲಾಖೆಯಲ್ಲಿ ಮೂರು ದಶಕ ಸವೆಸಿ ಉಪಮಂತ್ರಿಯ ಹುದ್ದೆಗೆ ಏರಿದ ಅಧಿಕಾರಿ. ಅಷ್ಟೇ ಅಲ್ಲ, ಸಿನಿಮಾಗಳಿಗೆ ಕತ್ತರಿ ಹಾಕುತ್ತಿದ್ದ ಸಾರ್ವಜನಿಕ ಪ್ರದರ್ಶನ ನೀತಿ ಸಮಿತಿಗೂ ಅಧ್ಯಕ್ಷರಾಗಿದ್ದವರು. ಕತ್ತರಿ ಎಲ್ಲಿರುತ್ತದೆ, ಅದನ್ನು ಯಾವ ಕೈ ಹಿಡಿದಿರುತ್ತದೆ ಎಂದು ಒಳಗಿನಿಂದ ಬಲ್ಲವರು. ಆ ತಿಳಿವಳಿಕೆಯನ್ನು ಅವರು ಉಳಿದ ಆಯುಸ್ಸಿನಲ್ಲಿ ಕತ್ತರಿಯನ್ನು ದೂರ ಇಡುವುದಕ್ಕೆ ಬಳಸಿದರು.

1996ರ ಸೆಪ್ಟೆಂಬರ್ 13ಕ್ಕೆ ಮೊದಲ ಉತ್ಸವ ಶುರುವಾಯಿತು. 31 ದೇಶಗಳ 173 ಚಿತ್ರಗಳು. ಉದ್ಘಾಟನೆಗೆ ಮೈಕ್ ಲೀ ಅವರ ‘ಸೀಕ್ರೆಟ್ಸ್ ಅಂಡ್ ಲೈಸ್’. ಅದು ಮುಗಿದ ಎರಡೇ ವಾರಕ್ಕೆ, ಅಕ್ಟೋಬರ್ 4ರಂದು, ಕೊರಿಯಾದ ಸಂವಿಧಾನ ನ್ಯಾಯಾಲಯ ಸಿನಿಮಾಗಳ ಪೂರ್ವಪರಿಶೀಲನೆ ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ಉತ್ಸವದಿಂದ ತೀರ್ಪು ಬಂತು ಎಂದಲ್ಲ. ಸೈನಿಕ ಆಡಳಿತದಿಂದ ಹೊರಬಂದು ಹತ್ತು ವರ್ಷವೂ ಆಗಿರದ ಸಮಾಜ ಏನನ್ನು ಕೇಳುತ್ತಿತ್ತು ಎಂಬುದಕ್ಕೆ ಎರಡೂ ಸಾಕ್ಷಿ. ಆ ದಿನಗಳಲ್ಲಿ ರಾತ್ರಿ ಪ್ರದರ್ಶನ ಮುಗಿದ ಮೇಲೆ ನಾಂಪೋ-ದಾಂಗ್‌ನ ಬೀದಿಯಲ್ಲಿ ಹಳೆಯ ಪತ್ರಿಕೆಗಳನ್ನು ಹಾಸಿ, ಅರವತ್ತರ ಅಂಚಿನ ಕಿಮ್ ಡಾಂಗ್-ಹೋ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ವಿದೇಶಿ ನಿರ್ದೇಶಕರಿಗೂ ಸ್ಥಳೀಯ ವಿದ್ಯಾರ್ಥಿಗಳಿಗೂ ಒಂದೇ ಸಮ ಸೋಜು ಎಂಬ ಮದ್ಯ ಸುರಿದು ಕೊಡುತ್ತಿದ್ದರು. ಬುಸಾನ್‌ಗೆ ಹೋದವರೆಲ್ಲ ಈ ಬೀದಿ ಕೂಟಗಳ ಕಥೆ ಹೇಳುತ್ತಾರೆ. ಬರಿಯ ಆತಿಥ್ಯದ ಮಾತಾಗಿದ್ದರೆ ನಾನಿದನ್ನು ಇಲ್ಲಿ ಬರೆಯುತ್ತಿರಲಿಲ್ಲ. ಮುಂದೆ ಇಪ್ಪತ್ತು ವರ್ಷದ ಬಳಿಕ ಉತ್ಸವ ಕುತ್ತಿಗೆಯವರೆಗೆ ಮುಳುಗಿದಾಗ ಅದನ್ನು ತಮ್ಮದೆಂದು ಹಿಡಿದವರು ಹೀಗೆ ನೆಲದ ಮೇಲೆ ಕೂತು ಎದ್ದವರೇ.

ಈ ಆಯ್ಕೆಗಾರರ ಕಣ್ಣು ಎಂಥದೆಂಬುದಕ್ಕೆ 1997ರ ಎರಡನೆಯ ಉತ್ಸವವನ್ನು ನೋಡಬೇಕು. ಕಿಮ್ ಕಿ-ಯಂಗ್ ಎಂಬ ನಿರ್ದೇಶಕ 1960ರಲ್ಲಿ ‘ದಿ ಹೌಸ್‌ಮೇಡ್’ ಎಂಬ ಚಿತ್ರ ಮಾಡಿದ್ದರು. ಹೊಸದಾಗಿ ಮಹಡಿ ಮನೆ ಕಟ್ಟಿಕೊಂಡ ಮಧ್ಯಮವರ್ಗದ ಕುಟುಂಬದೊಳಗೆ ಮನೆಗೆಲಸದವಳೊಬ್ಬಳು ಬಂದು, ಆ ಮನೆಯ ಮೆಟ್ಟಿಲ ಮೇಲೆ ವರ್ಗಗಳ ಕಾಳಗವೇ ನಡೆದುಹೋಗುವ ಚಿತ್ರ. ತೊಂಬತ್ತರ ದಶಕದ ಹೊತ್ತಿಗೆ ಅವರನ್ನು ನೆನೆಯುವವರು ಕಡಿಮೆ. ಬುಸಾನ್ ಅವರ ಚಿತ್ರಗಳ ಸಿಂಹಾವಲೋಕನ ಏರ್ಪಡಿಸಿತು. ಹೊರಗಿನ ವಿಮರ್ಶಕರು ಬೆರಗಾದರು. ಮರುವರ್ಷ ಬರ್ಲಿನ್‌ನಲ್ಲೂ ಅವರ ಚಿತ್ರಗಳ ಪ್ರದರ್ಶನ ಗೊತ್ತಾಯಿತು. ಅಲ್ಲಿಗೆ ಹೊರಡುವ ಮೊದಲೇ, 1998ರ ಫೆಬ್ರವರಿಯಲ್ಲಿ, ಮನೆಗೆ ಬೆಂಕಿ ಬಿದ್ದು ಗಂಡಹೆಂಡಿರಿಬ್ಬರೂ ತೀರಿಕೊಂಡರು. ಬದುಕಿದ್ದಾಗಲೇ ಅವರಿಗೆ ತುಂಬಿದ ಸಭಾಂಗಣ ಸಿಕ್ಕಿತೆಂದರೆ ಅದು ಕೆಲವೇ ತಿಂಗಳ ಅಂತರದಲ್ಲಿ. ಮುಂದೆ ಬಾಂಗ್ ಜೂನ್-ಹೋ ‘ಪ್ಯಾರಸೈಟ್’ ಮಾಡಿದಾಗ ತನ್ನ ಗುರು ಎಂದು ನೆನೆದದ್ದು ಈ ಕಿಮ್ ಕಿ-ಯಂಗ್ ಅವರನ್ನೇ. ಯಾರೋ ಒಬ್ಬ ಪ್ರೋಗ್ರಾಮರ್ ಆ ವರ್ಷ ಹಳೆಯ ರೀಲುಗಳನ್ನು ಹುಡುಕಿ ತೆಗೆಯದಿದ್ದರೆ ಈ ಗುರುಪರಂಪರೆ ಎಷ್ಟು ಕಾಲ ಮುಚ್ಚಿಹೋಗಿರುತ್ತಿತ್ತೋ.

ಏಷ್ಯಾದ ಚಿತ್ರಗಳ ಹೊಣೆ ಹೊತ್ತಿದ್ದವರು ಕಿಮ್ ಜಿ-ಸೊಕ್. ಕಿಮ್ ಡಾಂಗ್-ಹೋ ಮುಂಬಾಗಿಲಲ್ಲಿ ನಿಂತಿದ್ದರೆ ಇವರು ಒಳಮನೆಯವರು. ಇರಾನ್, ಚೀನಾ, ಮಧ್ಯ ಏಷ್ಯಾ, ಆಗ್ನೇಯ ಏಷ್ಯಾ, ಭಾರತ ಎಂದು ಸುತ್ತಿ, ಇನ್ನೂ ಯಾರಿಗೂ ಗೊತ್ತಿಲ್ಲದವರ ಮೊದಲ ಚಿತ್ರಗಳನ್ನು ತಂದರು. 1998ರಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಚೀನಾದ ಜಿಯಾ ಜಾಂಗ್-ಕೆಯ ‘ಶಿಯಾವ್ ವೂ’ಗೆ ಹೋಯಿತು. ಚೀನಾ ಸರ್ಕಾರದ ಅನುಮತಿ ಇಲ್ಲದೆ ತೆಗೆದ, ಸಣ್ಣ ಊರಿನ ಕಿಸೆಗಳ್ಳನೊಬ್ಬನ ಕಥೆ ಅದು. ಆ ವರ್ಷವೇ ಬುಸಾನ್‌ನಲ್ಲಿ ಹೊಸ ಚಿತ್ರಗಳಿಗೆ ಹಣ ಹೂಡುವವರನ್ನು ಹುಡುಕಿಕೊಡುವ ಮಾರುಕಟ್ಟೆ ಆರಂಭವಾಯಿತು. 2005ರಲ್ಲಿ ಏಷ್ಯಾದ ಎಳೆಯರಿಗೆ ಸಿನಿಮಾ ಕಲಿಸುವ ಅಕಾಡೆಮಿ, 2007ರಲ್ಲಿ ಚಿತ್ರಕಥೆಗೂ ಸಾಕ್ಷ್ಯಚಿತ್ರಕ್ಕೂ ನೆರವು ಕೊಡುವ ನಿಧಿ ಬಂದವು. ಹೀಗೆ ಕಥೆ ಹಾಳೆಯ ಮೇಲಿರುವಾಗಿಂದ ತೆರೆಗೆ ಬರುವವರೆಗೆ ಒಬ್ಬ ನಿರ್ದೇಶಕನ ಬೆನ್ನಿಗೆ ನಿಲ್ಲುವ ವ್ಯವಸ್ಥೆಯೇ ಆಯಿತು. 2017ರ ಮೇ ತಿಂಗಳಲ್ಲಿ ಚಿತ್ರಗಳನ್ನು ನೋಡಲೆಂದು ಕಾನ್‌ಗೆ ಹೋಗಿದ್ದಾಗ ಕಿಮ್ ಜಿ-ಸೊಕ್ ಹೃದಯಾಘಾತದಿಂದ ತೀರಿಕೊಂಡರು. ಐವತ್ತೇಳು ದಾಟಿರಲಿಲ್ಲ. ಅವರ ಹೆಸರಿನ ಪ್ರಶಸ್ತಿ ಅದೇ ವರ್ಷ ಶುರುವಾಯಿತು.

ಅವರ ಕೊನೆಯ ಮೂರು ವರ್ಷ ನೆಮ್ಮದಿಯವಾಗಿರಲಿಲ್ಲ. 2014ರ ಏಪ್ರಿಲ್ 16ರಂದು ಸೆವೋಲ್ ಹಡಗು ಮುಳುಗಿ 304 ಜನ ಸತ್ತಿದ್ದರು. ಹೆಚ್ಚಿನವರು ಪ್ರವಾಸಕ್ಕೆ ಹೊರಟಿದ್ದ ಒಂದೇ ಶಾಲೆಯ ಮಕ್ಕಳು. ರಕ್ಷಣಾ ಕಾರ್ಯದಲ್ಲಿ ಸರ್ಕಾರ ಎಡವಿದ್ದನ್ನು ಪ್ರಶ್ನಿಸುವ ‘ಡೈವಿಂಗ್ ಬೆಲ್’ ಎಂಬ ಸಾಕ್ಷ್ಯಚಿತ್ರವನ್ನು ಉತ್ಸವ ಆರಿಸಿಕೊಂಡಿತು. ಆಗಷ್ಟೇ ಅಧಿಕಾರಕ್ಕೆ ಬಂದಿದ್ದ, ಅಧ್ಯಕ್ಷೆ ಪಾರ್ಕ್ ಗ್ಯುನ್-ಹೆ ಅವರ ಪಕ್ಷದ ಮೇಯರ್ ಸೊ ಬ್ಯುಂಗ್-ಸೂ ಅದನ್ನು ಕೈಬಿಡಿ ಎಂದರು. ಅವರು ಬರಿಯ ಮೇಯರ್ ಅಲ್ಲ, ಆಗಿನ ಬೈಲಾ ಪ್ರಕಾರ ಮೇಯರ್ ಆದವರೇ ಉತ್ಸವದ ಸಂಘಟನಾ ಸಮಿತಿಯ ಅಧ್ಯಕ್ಷರು. ಬಜೆಟ್ಟಿನ ಸುಮಾರು ಅರ್ಧ ನಗರದ ಬೊಕ್ಕಸದಿಂದ ಬರುವಂಥದ್ದು. ಉತ್ಸವದ ನಿರ್ದೇಶಕ ಲೀ ಯಾಂಗ್-ಕ್ವಾನ್ ಒಪ್ಪಲಿಲ್ಲ. ಆರಿಸಿದ ಚಿತ್ರವನ್ನು ಹೊರಗಿನವರ ಮಾತಿಗೆ ತೆಗೆದ ದಾಖಲೆ ಇಲ್ಲ ಎಂಬುದು ಅವರ ನಿಲುವು. ಅಕ್ಟೋಬರಿನಲ್ಲಿ ಚಿತ್ರ ಪ್ರದರ್ಶನವಾಯಿತು.

ಅದೇ 2014ರ ಆಗಸ್ಟಿನಲ್ಲಿ ಬೀಜಿಂಗ್ ಹೊರವಲಯದ ಸೋಂಗ್‌ಜುವಾಂಗ್‌ನಲ್ಲಿ ಇನ್ನೊಂದು ಉತ್ಸವದ ಕಥೆ ಮುಗಿದಿತ್ತು. ಚೀನಾದ ಸ್ವತಂತ್ರ ಚಿತ್ರಗಳಿಗೆ ಉಳಿದಿದ್ದ ಕೆಲವೇ ತಾವುಗಳಲ್ಲಿ ಒಂದಾದ ಬೀಜಿಂಗ್ ಸ್ವತಂತ್ರ ಚಿತ್ರೋತ್ಸವವನ್ನು ಅಧಿಕಾರಿಗಳು ಶುರುವಾಗುವ ದಿನವೇ ನಿಲ್ಲಿಸಿದರು. ವರ್ಷಗಳಿಂದ ಕೂಡಿಟ್ಟ ಚಿತ್ರಗಳನ್ನೂ ಕಡತಗಳನ್ನೂ ಹೊತ್ತೊಯ್ದರು, ಸಂಘಟಕರನ್ನು ಕರೆದೊಯ್ದು ಆಮೇಲೆ ಬಿಟ್ಟರು. ಅವರಲ್ಲೊಬ್ಬರು ಕಲಾ ನಿರ್ದೇಶಕ ವಾಂಗ್ ಹೋಂಗ್‌ವೇ. ಹದಿನಾರು ವರ್ಷಗಳ ಹಿಂದೆ ಬುಸಾನ್ ಗೌರವಿಸಿದ ‘ಶಿಯಾವ್ ವೂ’ ಚಿತ್ರದ ಕಿಸೆಗಳ್ಳನಾಗಿ ನಟಿಸಿದ್ದು ಅವರೇ. ಪೊಲೀಸರು ಬಾಗಿಲಿಗೆ ಬಂದರೆ ಉತ್ಸವ ನಡೆಸುವವರು ಮಾಡಬಹುದಾದದ್ದು ಹೆಚ್ಚೇನಿಲ್ಲ. ಬುಸಾನ್‌ನಲ್ಲಿ ಪೊಲೀಸರು ಬರಲಿಲ್ಲ. ಬಂದದ್ದು ಲೆಕ್ಕಪರಿಶೋಧಕರು. ಪ್ರಜಾಪ್ರಭುತ್ವದಲ್ಲಿ ಚಿತ್ರೋತ್ಸವದ ಮೇಲಿನ ಒತ್ತಡ ಬರುವ ದಾರಿ ಇದು, ಹಾಗಾಗಿ ನಮ್ಮಂಥವರು ಇದನ್ನು ಹೆಚ್ಚು ಹತ್ತಿರದಿಂದ ನೋಡಬೇಕು.

ಮೊದಲು ನಗರಾಡಳಿತದ ತಪಾಸಣೆ, ಆಮೇಲೆ ರಾಷ್ಟ್ರೀಯ ಲೆಕ್ಕಪರಿಶೋಧಕರದು. 2015ರಲ್ಲಿ ಸರ್ಕಾರಿ ಸಂಸ್ಥೆಯಾದ ಕೊರಿಯನ್ ಫಿಲ್ಮ್ ಕೌನ್ಸಿಲ್ ಕೊಡುವ ಅನುದಾನ 146 ಕೋಟಿ ವಾನ್‌ನಿಂದ 80 ಕೋಟಿಗೆ ಇಳಿಯಿತು. ನಿರ್ದೇಶಕರು ರಾಜೀನಾಮೆ ಕೊಡಲಿ ಎಂಬ ಮಾತು ಕೇಳಿಬಂತು. ಪ್ರಾಯೋಜಕರನ್ನು ತಂದುಕೊಟ್ಟವರಿಗೆ ಕಮಿಷನ್ ಕೊಟ್ಟಿದ್ದರಲ್ಲಿ ಅಕ್ರಮವಿದೆ ಎಂದು ನಗರಾಡಳಿತ ದೂರು ಕೊಟ್ಟಿತು. 2016ರ ಫೆಬ್ರವರಿಯಲ್ಲಿ ಲೀ ಅವರ ಅವಧಿ ಮುಗಿದಾಗ ಮುಂದುವರಿಸಲಿಲ್ಲ. ಲೆಕ್ಕದ ವಿಚಾರ ಕೋರ್ಟಿಗೆ ಹೋಯಿತು, ಅದನ್ನು ನೋಡುವುದು ಕೋರ್ಟಿನ ಕೆಲಸ. ಆದರೆ ಒಂದು ಚಿತ್ರ ತೆಗೆಯಿರಿ ಎಂದು ಹೇಳುವ ಮೊದಲು ಯಾರಿಗೂ ಕಾಣದಿದ್ದ ಲೆಕ್ಕ ಆಮೇಲೆ ಎಲ್ಲರಿಗೂ ಒಮ್ಮೆಲೇ ಕಂಡದ್ದನ್ನು ಕಾಕತಾಳೀಯ ಎನ್ನಲಾಗದು. ಪಾರ್ಕ್ ಸರ್ಕಾರ ಬಿದ್ದ ಮೇಲಿನ ತನಿಖೆಗಳಲ್ಲಿ ಕಲಾವಿದರ ಕಪ್ಪುಪಟ್ಟಿ ಹೊರಬಿತ್ತು. ಅಧ್ಯಕ್ಷರ ಕಚೇರಿಯಿಂದ ಇಲಾಖೆಗೆ, ಇಲಾಖೆಯಿಂದ ಕೆಳಕ್ಕೆ ಒತ್ತಡ ಹರಿದುಬಂದಿದ್ದ ದಾರಿಯೂ ಕಾಣಿಸಿತು.

ಮೇಯರ್ ಪರವಾಗಿ ಒಂದು ವಾದ ಇದೆ, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಹಣ ಜನರದು. ಜನ ಆರಿಸಿದವನು ಮೇಯರ್. ಪ್ರೋಗ್ರಾಮರ್‌ನನ್ನು ಯಾರೂ ಮತ ಹಾಕಿ ಆರಿಸಿಲ್ಲ. ಹಾಗಿರುವಾಗ ಜನರ ದುಡ್ಡಿನಲ್ಲಿ ಏನು ತೋರಿಸಬೇಕೆಂದು ಹೇಳುವ ಹಕ್ಕು ಮೇಯರ್‌ಗೆ ಯಾಕಿಲ್ಲ? ನನ್ನ ಉತ್ತರ ಇದು. ಜನರ ದುಡ್ಡಿನಲ್ಲೇ ಗ್ರಂಥಾಲಯ ನಡೆಯುತ್ತದೆ, ಪುಸ್ತಕ ಆರಿಸುವುದು ಶಾಸಕರ ಕೆಲಸವಲ್ಲ. ಆರಿಸುವವರನ್ನು ಹೇಗೆ ನೇಮಿಸಬೇಕು, ಎಷ್ಟು ಖರ್ಚು ಮಾಡಬಹುದು, ಲೆಕ್ಕ ಹೇಗೆ ಒಪ್ಪಿಸಬೇಕು ಎಂಬ ನಿಯಮಗಳನ್ನು ಜನಪ್ರತಿನಿಧಿಗಳು ಮಾಡಲಿ, ಮಾಡಲೇಬೇಕು. ನಿಯಮ ಮಾಡುವುದು ಬೇರೆ, ಒಂದೊಂದು ಚಿತ್ರದ ಮೇಲೆ ಬೆರಳಿಡುವುದು ಬೇರೆ. ಚುನಾವಣೆಯಲ್ಲಿ ಗೆದ್ದವರಿಗೆ ತಮ್ಮನ್ನು ಟೀಕಿಸುವ ಚಿತ್ರದ ಬಗ್ಗೆ ತೀರ್ಪು ಕೊಡುವ ಅಧಿಕಾರ ಇದ್ದರೆ ಅವರು ತಮ್ಮದೇ ವ್ಯಾಜ್ಯದಲ್ಲಿ ನ್ಯಾಯಾಧೀಶರಾಗುತ್ತಾರೆ. ಇದನ್ನು ಯಾವ ಪಕ್ಷದವರ ಕೈಗೂ ಕೊಡಬಾರದು, ನಮಗೆ ಇಷ್ಟವಾದ ಪಕ್ಷದವರ ಕೈಗಂತೂ ಖಂಡಿತ ಕೊಡಬಾರದು. ಇಷ್ಟದವರ ಕೈಯಲ್ಲಿದ್ದಾಗ ನಾವು ಕಣ್ಣು ಮುಚ್ಚಿಕೊಳ್ಳುತ್ತೇವೆ.

ಬುಸಾನ್ ಉಳಿದದ್ದು ಹೇಗೆ? 2016ರ ಏಪ್ರಿಲಿನಲ್ಲಿ ಕೊರಿಯಾದ ಒಂಬತ್ತು ಸಿನಿಮಾ ಸಂಘಟನೆಗಳು ಒಟ್ಟಾಗಿ, ಉತ್ಸವದ ಸ್ವಾಯತ್ತತೆ ಖಾತ್ರಿಯಾಗುವವರೆಗೆ ತಾವು ಭಾಗವಹಿಸುವುದಿಲ್ಲ ಎಂದು ಘೋಷಿಸಿದವು. ಇದು ಉತ್ಸವದ ಮೇಲಿನ ಸಿಟ್ಟಲ್ಲ, ಅದರ ಮೇಲಿನ ಹಕ್ಕಿನ ಮಾತು. ಕೊರಿಯನ್ ಚಿತ್ರಗಳಿಲ್ಲದ ಬುಸಾನ್ ಯಾರಿಗೆ ಬೇಕು? ನಗರಾಡಳಿತ ಮಣಿಯಿತು. ಮೇಯರ್ ಉತ್ಸವ ಸಮಿತಿಯ ಅಧ್ಯಕ್ಷ ಸ್ಥಾನ ಬಿಟ್ಟರು. ನಿವೃತ್ತರಾಗಿದ್ದ ಕಿಮ್ ಡಾಂಗ್-ಹೋ ಎಂಬತ್ತರ ಹೊಸ್ತಿಲಲ್ಲಿ ಮರಳಿ ಬಂದು, ಸರ್ಕಾರಿ ಪದವಿಯಿಲ್ಲದ ಮೊದಲ ಅಧ್ಯಕ್ಷರಾದರು. ಜುಲೈಯಲ್ಲಿ ಬೈಲಾ ತಿದ್ದುಪಡಿಯಾಯಿತು. ಆ ಅಕ್ಟೋಬರಿನ ಉತ್ಸವ ಕಷ್ಟದಲ್ಲೇ ನಡೆಯಿತು. ನಿರ್ದೇಶಕರ ಸಂಘದಂಥವು ಆಗಲೂ ದೂರವೇ ಉಳಿದಿದ್ದವು. ಉದ್ಘಾಟನೆಯ ಹಿಂದಿನ ದಿನ ಚಾಬಾ ಚಂಡಮಾರುತ ಹೆಉಂಡೆ ಕಡಲತೀರದಲ್ಲಿ ಕಟ್ಟಿದ್ದ ಉತ್ಸವದ ತಾಣವನ್ನು ಕಿತ್ತು ಹಾಕಿತು. ಕಾರ್ಯಕ್ರಮಗಳನ್ನು ಬುಸಾನ್ ಸಿನಿಮಾ ಸೆಂಟರಿನ ಒಳಕ್ಕೆ ಸಾಗಿಸಿ ನಡೆಸಿದರು. ವೆನಿಸ್‌ನಲ್ಲಿ ಪ್ರಶಸ್ತಿ ಪಡೆದಿದ್ದ ನಟಿ ಕಾಂಗ್ ಸೂ-ಯಾನ್ ಆಗ ಉತ್ಸವದ ನಿರ್ದೇಶಕಿ. ಆ ಎರಡು ಮೂರು ವರ್ಷ ಬಿರುಗಾಳಿಗೆ ಎದೆ ಕೊಟ್ಟವರು ಅವರು. ಅವರಿಗೆ ಸಲ್ಲಬೇಕಾದ ಕೃತಜ್ಞತೆ ಪೂರ್ತಿ ಸಂದಿಲ್ಲ ಎಂದೇ ನನಗನ್ನಿಸುತ್ತದೆ.

ಆ ವರ್ಷಗಳಲ್ಲಿ ಬದಲಾದದ್ದು ವ್ಯಕ್ತಿಗಳು ಮಾತ್ರವಾಗಿದ್ದರೆ ಮತ್ತೊಬ್ಬ ಮೇಯರ್ ಬಂದು ಅದನ್ನೇ ಮಾಡಬಹುದಿತ್ತು. ಮೇಯರ್ ಆದವರೇ ಅಧ್ಯಕ್ಷರು ಎಂಬ ಬೈಲಾದ ಕಲಂ ಬದಲಾಯಿತು ಎಂಬುದೇ ನಿಜವಾದ ಗೆಲುವು. ಕಿಮ್ ಡಾಂಗ್-ಹೋ ಅವರಂಥ ಮಹನೀಯರು ಹದಿನೈದು ವರ್ಷ ಬಾಗಿಲಲ್ಲಿ ನಿಂತು ರಾಜಕಾರಣಿಗಳನ್ನು ನಯವಾಗಿ ಹೊರಗಿಟ್ಟಿದ್ದರು. ಅವರು 2010ರಲ್ಲಿ ನಿವೃತ್ತರಾದರು. ನಾಲ್ಕೇ ವರ್ಷಕ್ಕೆ ಬಾಗಿಲು ಒಡೆಯಿತು. ಒಳ್ಳೆಯ ಮನುಷ್ಯನ ಮುಲಾಜಿನಲ್ಲಿ ನಡೆಯುವ ಸಂಸ್ಥೆಗೆ ಆ ಮನುಷ್ಯ ಹೋದ ದಿನ ರಕ್ಷಣೆ ಇರುವುದಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಇದು ಕಲಾವಿದರು ಗೆದ್ದ ಚಂದದ ಕಥೆ. ಹಾಗೆ ನಿಲ್ಲಿಸುವುದು ಬುಸಾನ್‌ಗೂ ನ್ಯಾಯವಲ್ಲ, ಓದುಗರಿಗೂ ಅಲ್ಲ. 2017ರಲ್ಲಿ ಉತ್ಸವದ ಸಿಬ್ಬಂದಿಯೇ ಆಡಳಿತದ ವಿರುದ್ಧ ಹೇಳಿಕೆ ಹೊರಡಿಸಿದರು. ಕಿಮ್ ಡಾಂಗ್-ಹೋ ಮತ್ತು ಕಾಂಗ್ ಇಬ್ಬರೂ ಆ ವರ್ಷದ ಉತ್ಸವ ಮುಗಿಸಿ ಹೊರನಡೆದರು. 2018ರಲ್ಲಿ ಲೀ ಯಾಂಗ್-ಕ್ವಾನ್ ಅಧ್ಯಕ್ಷರಾಗಿ ಮರಳಿದರು, ಜೇ ಜಿಯಾನ್ ನಿರ್ದೇಶಕರಾದರು. ಅನ್ಯಾಯಕ್ಕೊಳಗಾದವರಿಗೆ ನ್ಯಾಯ ಸಿಕ್ಕಿತೆಂದು ಬಹಳ ಜನ ಸಂತೋಷಪಟ್ಟರು. ಅದೇ ವರ್ಷ ಯುವ ಕಾರ್ಮಿಕರ ಸಂಘಟನೆಯೊಂದು ಕೊರಿಯಾದ ಚಿತ್ರೋತ್ಸವಗಳಲ್ಲಿ ದುಡಿಯುವವರ ಸ್ಥಿತಿಯನ್ನು ಬಯಲಿಗೆಳೆಯಿತು. ಕೆಲವೇ ತಿಂಗಳ ಗುತ್ತಿಗೆ, ಒಂದು ಉತ್ಸವ ಮುಗಿದರೆ ಇನ್ನೊಂದಕ್ಕೆ ಅಲೆದಾಟ, ಉತ್ಸವದ ದಿನಗಳಲ್ಲಿ ಹಗಲು ರಾತ್ರಿ ದುಡಿದ ಹೆಚ್ಚುವರಿ ಗಂಟೆಗಳಿಗೆ ಕೂಲಿ ಇಲ್ಲ. ಬುಸಾನ್ ಕೂಡ ಆ ಪಟ್ಟಿಯಲ್ಲಿತ್ತು. ಸಬ್‌ಟೈಟಲ್ ಹೊಂದಿಸುವವಳು, ಅತಿಥಿಯ ವಿಮಾನ ತಡವಾದರೆ ನಡುರಾತ್ರಿ ನಿಲ್ದಾಣಕ್ಕೆ ಓಡುವವನು, ಟಿಕೆಟ್ ಕೌಂಟರಿನಲ್ಲಿ ನಿಲ್ಲುವ ಸ್ವಯಂಸೇವಕಿ, ಇವರೂ ಉತ್ಸವ ನಡೆಸುವವರೇ. ಕಲಾ ಸ್ವಾತಂತ್ರ್ಯದ ಹೆಸರಿನಲ್ಲಿ ಊರನ್ನೇ ಎಬ್ಬಿಸಿದವರಿಗೆ ತಮ್ಮ ಮನೆಯೊಳಗಿನ ಈ ದುಡಿಮೆ ಕಾಣದೆ ಹೋದದ್ದು ಸಣ್ಣ ಲೋಪವಲ್ಲ.

2023ರಲ್ಲಿ ಏಟು ಜೋರಾಗಿ ಬಿತ್ತು. ಆ ಮೇ ತಿಂಗಳಲ್ಲಿ, ಜೇ ಜಿಯಾನ್ ನಂತರ ಬಂದಿದ್ದ ಉತ್ಸವದ ನಿರ್ದೇಶಕ ಇರುವಾಗಲೇ ಅದಕ್ಕೆ ಸಮನಾದ ಇನ್ನೊಂದು ಹುದ್ದೆ ಸೃಷ್ಟಿಸಿ ಒಬ್ಬರನ್ನು ನೇಮಿಸಲಾಯಿತು. ಅಧ್ಯಕ್ಷರಿಗೆ ಹತ್ತಿರದವರು ಎಂಬ ಆಕ್ಷೇಪ ಬಂತು. ನಿರ್ದೇಶಕರು ರಾಜೀನಾಮೆ ಇತ್ತರು. ಅವರು ಯಾಕೆ ಹೋದರೆಂದು ಜನ ಚರ್ಚಿಸುತ್ತಿರುವಾಗಲೇ ಅವರ ಮೇಲೆ ಸಿಬ್ಬಂದಿಯೊಬ್ಬರ ಲೈಂಗಿಕ ಕಿರುಕುಳದ ದೂರು ಹೊರಬಂತು. ಜೂನ್ ಹೊತ್ತಿಗೆ ಅಧ್ಯಕ್ಷರೂ ಇಲ್ಲ, ನಿರ್ದೇಶಕರೂ ಇಲ್ಲ, ಹೊಸ ಹುದ್ದೆಯವರನ್ನೂ ತೆಗೆದಾಗಿತ್ತು. ಈ ಸಲ ಹೊರಗಿನ ಶತ್ರು ಯಾರೂ ಇರಲಿಲ್ಲ. ಮೇಯರ್ ಫೋನು ಮಾಡಿರಲಿಲ್ಲ. ಸಂಸ್ಥೆಯನ್ನು ಕಟ್ಟಿದ ತಲೆಮಾರೇ ಅದರ ಮುಖ್ಯ ಕುರ್ಚಿಗಳಲ್ಲಿ ಕೂತೇ ಇತ್ತು. ಯಾರನ್ನು ನೇಮಿಸಬೇಕು ಎಂಬುದು ಪರಿಚಯದ ವಲಯದಲ್ಲಿ ತೀರ್ಮಾನವಾಗುತ್ತಿತ್ತು. ಕಟ್ಟಿದವರಿಗೆ ಹೋಗು ಎನ್ನಲು ಕಿರಿಯರಿಗೆ ಬಾಯಿ ಬರುವುದಿಲ್ಲ, ಅದು ಕೊರಿಯಾದಲ್ಲೂ ಹಾಗೆಯೇ, ನಮ್ಮಲ್ಲೂ ಹಾಗೆಯೇ. ಹಾಗಾಗಿ ಹೋಗುವ ದಿನವನ್ನು ನಿಯಮವೇ ಹೇಳಬೇಕು.

ಆ ಅಕ್ಟೋಬರಿನಲ್ಲೂ ಉತ್ಸವ ನಿಲ್ಲಲಿಲ್ಲ. ಪ್ರೋಗ್ರಾಮರ್ ನಾಮ್ ಡಾಂಗ್-ಚುಲ್ ಹಂಗಾಮಿ ನಿರ್ದೇಶಕರಾಗಿ, ತಲೆಯಿಲ್ಲದ ಸಂಸ್ಥೆಯಿಂದ ಇನ್ನೂರಕ್ಕೂ ಹೆಚ್ಚು ಚಿತ್ರಗಳನ್ನು ತೋರಿಸಿದರು. ಯಾವ ಹುದ್ದೆಗಳು ಖಾಲಿ ಇದ್ದರೂ ಉತ್ಸವ ನಡೆಯಬಲ್ಲದು, ಯಾವ ಕೈಗಳು ಇಲ್ಲದಿದ್ದರೆ ನಡೆಯದು ಎಂಬುದು ಆ ವರ್ಷ ಎಲ್ಲರಿಗೂ ತಿಳಿಯಿತು.

ನಮ್ಮ ಕಡೆಗೆ ಬರೋಣ. ನಟೇಶ್ ಹೆಗಡೆಯವರ ‘ಪೆಡ್ರೊ’ 2021ರಲ್ಲಿ ಬುಸಾನ್‌ನ ನ್ಯೂ ಕರೆಂಟ್ಸ್ ಸ್ಪರ್ಧೆಯಲ್ಲಿತ್ತು. ಪೃಥ್ವಿ ಕೊಣನೂರರ ‘ಪಿಂಕಿ ಎಲ್ಲಿ?’ 2020ರಲ್ಲಿ, ‘ಹದಿನೇಳೆಂಟು’ 2022ರಲ್ಲಿ ಅಲ್ಲಿಗೆ ಹೋದವು. ಮೂರು ವರ್ಷಗಳಲ್ಲಿ ‘ಶಿವಮ್ಮ’ ಸೇರಿ ನಾಲ್ಕು ಕನ್ನಡ ಚಿತ್ರ. ‘ಪೆಡ್ರೊ’ 2022ರ ಬೆಂಗಳೂರು ಚಿತ್ರೋತ್ಸವಕ್ಕೆ ಆಯ್ಕೆಯಾಗಲಿಲ್ಲ. ಅದು ಆಗ ದೊಡ್ಡ ಸುದ್ದಿಯಾಯಿತು, ನೋವಿನ ಮಾತುಗಳೂ ಬಂದವು. ಆಯ್ಕೆ ಸಮಿತಿಗೆ ಯಾವ ಚಿತ್ರವನ್ನಾದರೂ ಬೇಡ ಎನ್ನುವ ಹಕ್ಕಿದೆ, ಬುಸಾನ್ ಮೆಚ್ಚಿದ್ದನ್ನು ಬೆಂಗಳೂರು ಮೆಚ್ಚಲೇಬೇಕೆಂದಿಲ್ಲ. ನನ್ನ ತಕರಾರು ಬೇರೆ. ಬೇಡ ಎಂದವರು ತಮ್ಮ ಹೆಸರಿನಲ್ಲಿ ಬೇಡ ಎನ್ನುವ, ಬೇಕು ಎಂದವರು ಯಾಕೆ ಬೇಕೆಂದು ಬರೆದು ರುಜು ಹಾಕುವ ಪದ್ಧತಿ ನಮ್ಮಲ್ಲಿ ಬೆಳೆದಿಲ್ಲ. ಹಾಗಾಗಿ ಜಗಳವೆಲ್ಲ ಅಧ್ಯಕ್ಷರ ಹೆಸರಿನ ಸುತ್ತ ನಡೆಯುತ್ತದೆ, ಚಿತ್ರದ ಸುತ್ತ ನಡೆಯುವುದಿಲ್ಲ.

ಬೆಂಗಳೂರಿನ ಉತ್ಸವ ಹುಟ್ಟಿದ್ದು 2006ರಲ್ಲಿ, ಬನಶಂಕರಿಯ ಸುಚಿತ್ರ ಫಿಲ್ಮ್ ಸೊಸೈಟಿಯ ಉತ್ಸಾಹಿಗಳಿಂದ. ಆಮೇಲೆ ಅದು ಕರ್ನಾಟಕ ಚಲನಚಿತ್ರ ಅಕಾಡೆಮಿಯ ಕೈಗೆ ಬಂತು. ಅಕಾಡೆಮಿಯ ಅಧ್ಯಕ್ಷರನ್ನು ನೇಮಿಸುವುದು ರಾಜ್ಯ ಸರ್ಕಾರ; ಸರ್ಕಾರ ಬದಲಾದರೆ ಅಧ್ಯಕ್ಷರೂ ಬದಲಾಗುವುದು ವಾಡಿಕೆ. ಸರ್ಕಾರ ಹಣ ಕೊಟ್ಟಿದ್ದರಿಂದಲೇ ಉತ್ಸವ ಬೆಳೆಯಿತು, ಎನ್. ವಿದ್ಯಾಶಂಕರ್ ಅವರಂಥವರು ಕಲಾ ನಿರ್ದೇಶಕರಾಗಿ ದುಡಿದರು, ಏಷ್ಯಾದ ಚಿತ್ರಗಳಿಗೂ ಕನ್ನಡ ಚಿತ್ರಗಳಿಗೂ ಪ್ರತ್ಯೇಕ ಸ್ಪರ್ಧೆಗಳು ಬಂದವು. ಆದರೆ 2025ರ ಮಾರ್ಚಿನಲ್ಲಿ ವಿಧಾನಸೌಧದ ಮೆಟ್ಟಿಲ ಮೇಲೆ ನಡೆದ ಉದ್ಘಾಟನೆಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರು, ಬಾರದ ಚಿತ್ರರಂಗದವರ ನಟ್ಟು ಬೋಲ್ಟು ಬಿಗಿ ಮಾಡುವುದು ತಮಗೆ ಗೊತ್ತು ಎಂಬರ್ಥದ ಮಾತಾಡಿದರು. ನಾಡಿನ ಜನ ಅದನ್ನು ಒಂದು ವಾರ ಚರ್ಚಿಸಿದರು. ಯಾವ ನಟ ಬಂದ, ಯಾವ ನಟ ಬರಲಿಲ್ಲ ಎಂಬುದೇ ಮಾತಾಯಿತು. ಆ ವಾರ ತೆರೆಯ ಮೇಲೆ ಬಂದ ಚಿತ್ರಗಳ ಬಗ್ಗೆ ಎಷ್ಟು ಮಾತಾಡಿದೆವು? ಸರ್ಕಾರಕ್ಕೆ ಉತ್ಸವ ತನ್ನ ಸಮಾರಂಭ ಅನ್ನಿಸುವುದರಲ್ಲಿ ಆಶ್ಚರ್ಯವಿಲ್ಲ, ನಾವೇ ಅದನ್ನು ಹಾಗೆ ಏರ್ಪಡಿಸಿದ್ದೇವೆ.

ದೇಶದ ಮಟ್ಟದಲ್ಲಿ ಇದರ ಪರಿಣಾಮ ಏನೆಂಬುದು 2017ರಲ್ಲೇ ಕಂಡಿತ್ತು. ಗೋವಾದ ಚಿತ್ರೋತ್ಸವಕ್ಕೆ ತೀರ್ಪುಗಾರರು ಆರಿಸಿದ್ದ ‘ಎಸ್ ದುರ್ಗಾ’ ಮತ್ತು ‘ನ್ಯೂಡ್’ ಚಿತ್ರಗಳನ್ನು ಕೇಂದ್ರ ಸಚಿವಾಲಯ ಪಟ್ಟಿಯಿಂದ ತೆಗೆಯಿತು. ತೀರ್ಪುಗಾರರ ಮುಖ್ಯಸ್ಥ ಸುಜಯ್ ಘೋಷ್ ರಾಜೀನಾಮೆ ಕೊಟ್ಟರು. ಉತ್ಸವ ನಡೆಯಿತು. ರಾಜೀನಾಮೆ ಕೊಟ್ಟವರ ಹಿಂದೆ ಒಂಬತ್ತು ಸಂಘಟನೆಗಳು ನಿಲ್ಲಲಿಲ್ಲ. ಇದಕ್ಕೂ ಹಿಂದೆ, 2004ರಲ್ಲಿ, ಮುಂಬೈ ಸಾಕ್ಷ್ಯಚಿತ್ರೋತ್ಸವ ಭಾರತೀಯ ಚಿತ್ರಗಳಿಗೆ ಸೆನ್ಸಾರ್ ಪತ್ರ ಕಡ್ಡಾಯ ಮಾಡಲು ಹೊರಟಾಗ ಸಾಕ್ಷ್ಯಚಿತ್ರಕಾರರು ಒಟ್ಟಾಗಿ ‘ವಿಕಲ್ಪ’ ಎಂಬ ಬದಲಿ ಉತ್ಸವವನ್ನೇ ನಡೆಸಿದ್ದರು. ನಿಲ್ಲುವ ಶಕ್ತಿ ನಮ್ಮಲ್ಲಿ ಇಲ್ಲವೆಂದಲ್ಲ, ಅದನ್ನು ಬೈಲಾದೊಳಕ್ಕೆ ತರುವವರೆಗೆ ನಾವು ಹಿಡಿದು ಕೂರಲಿಲ್ಲ.

ಸರ್ಕಾರ ಬೇಡ, ಖಾಸಗಿಯವರಿಗೆ ಬಿಡೋಣ ಎನ್ನುವವರಿದ್ದಾರೆ. ಅವರು ದಿಲ್ಲಿಯ ಸಿನೆಫ್ಯಾನ್ ಉತ್ಸವವನ್ನು ನೆನಪಿಸಿಕೊಳ್ಳಬೇಕು. ಏಷ್ಯಾದ ಸಿನಿಮಾಕ್ಕೆಂದೇ ‘ಸಿನೆಮಾಯಾ’ ಪತ್ರಿಕೆ ನಡೆಸುತ್ತಿದ್ದ ಅರುಣಾ ವಾಸುದೇವ್ 1999ರಲ್ಲಿ ಅದನ್ನು ಆರಂಭಿಸಿದರು. ಏಷ್ಯಾದ ಚಿತ್ರಗಳನ್ನು ಏಷ್ಯಾದವರೇ ನೋಡಬೇಕು, ಚರ್ಚಿಸಬೇಕು ಎಂದು ನೆಟ್‌ಪ್ಯಾಕ್ ಎಂಬ ಜಾಲ ಕಟ್ಟಿದವರೂ ಅವರೇ. 2004ರಲ್ಲಿ ಒಂದು ಕಲಾ ಸಂಸ್ಥೆ ಉತ್ಸವವನ್ನು ವಹಿಸಿಕೊಂಡಿತು, ವೈಭವ ಹೆಚ್ಚಿತು. 2012ರ ಬಳಿಕ ಉತ್ಸವವೇ ಇಲ್ಲ. ಸರ್ಕಾರದ ಹಣಕ್ಕೆ ಷರತ್ತಿನ ಭಯ, ಕಂಪನಿಯ ಹಣಕ್ಕೆ ನಾಳೆಯ ಭಯ. ಎರಡನ್ನೂ ಪಡೆದು, ಎರಡರ ಕೈಗೂ ಆಯ್ಕೆಯನ್ನು ಕೊಡದಿರುವ ವ್ಯವಸ್ಥೆ ಬೇಕು. ತಿರುವನಂತಪುರದ ಉತ್ಸವಕ್ಕೂ ಸರ್ಕಾರದ್ದೇ ಹಣ. ಆದರೆ ಸಂಕಲನಕಾರ್ತಿ ಬೀನಾ ಪಾಲ್ ಅವರಂಥವರು ಅಲ್ಲಿ ಬಹುಕಾಲ ಕಲಾ ನಿರ್ದೇಶಕಿಯಾಗಿ ಉಳಿದು, ಒಂದು ತಲೆಮಾರಿನ ಮಲಯಾಳಿ ಪ್ರೇಕ್ಷಕರ ರುಚಿಯನ್ನು ರೂಪಿಸಿದರು.

ನಮ್ಮ ಚಲನಚಿತ್ರ ಅಕಾಡೆಮಿ ಇಂದೇ ಮಾಡಬಹುದಾದದ್ದು ಇದೆ. ಉತ್ಸವದ ನಿರ್ದೇಶಕರ ಹುದ್ದೆಗೆ ಅರ್ಜಿ ಕರೆದು, ನಾಲ್ಕು ವರ್ಷದ ಅವಧಿಗೆ ನೇಮಿಸಿ, ಆ ಅವಧಿಯನ್ನು ಸರ್ಕಾರದ ಅವಧಿಗೆ ಗಂಟು ಹಾಕದಿರುವುದು. ಒಬ್ಬರಿಗೆ ಎರಡು ಅವಧಿಗಿಂತ ಹೆಚ್ಚು ಕೊಡದಿರುವುದು. ವರ್ಷವಿಡೀ ಸಂಬಳ ಪಡೆದು ದುಡಿಯುವ ಪ್ರೋಗ್ರಾಮರ್‌ಗಳನ್ನು ಇಟ್ಟುಕೊಳ್ಳುವುದು. ಉತ್ಸವಕ್ಕೆ ಎರಡು ತಿಂಗಳಿರುವಾಗ ಕೂಡಿಸಿದ ಸಮಿತಿ ಎಷ್ಟೇ ಪ್ರಾಮಾಣಿಕವಾಗಿದ್ದರೂ, ಬಂದ ಅರ್ಜಿಗಳಲ್ಲಿ ಸೋಸಬಲ್ಲುದೇ ಹೊರತು ಹೊರಗೆ ಹೋಗಿ ಹುಡುಕಲಾರದು. ಯರೇಹಂಚಿನಾಳದಲ್ಲಿ ಚಿತ್ರೀಕರಣ ನಡೆಯುತ್ತಿದೆ ಎಂಬ ಸುದ್ದಿ ಬುಸಾನ್‌ಗಿಂತ ಮೊದಲು ಬೆಂಗಳೂರಿಗೆ ತಲುಪಬೇಕು. ಗುತ್ತಿಗೆಯ ಹುಡುಗ ಹುಡುಗಿಯರಿಗೆ ಕೂಲಿಯನ್ನೂ, ದೂರು ಕೊಡಲು ಒಂದು ಜಾಗವನ್ನೂ ಖಾತ್ರಿ ಮಾಡುವುದು. ದುಡ್ಡೆಲ್ಲಿದೆ ಎಂದು ಕೇಳುವವರಿಗೆ ಉದ್ಘಾಟನೆಯ ದಿನದ ವೇದಿಕೆ, ದೀಪಾಲಂಕಾರ, ಮನರಂಜನೆ ಕಾರ್ಯಕ್ರಮಗಳ ಬಿಲ್ಲುಗಳನ್ನು ತೆಗೆದು ನೋಡಿ ಎನ್ನುತ್ತೇನೆ. ಅದರಲ್ಲಿ ನಾಲ್ಕು ಜನ ಪ್ರೋಗ್ರಾಮರ್‌ಗಳ ವರ್ಷದ ಸಂಬಳ ಹೊರಡುತ್ತದೆಯೋ ಇಲ್ಲವೋ ಎಂಬ ಲೆಕ್ಕವನ್ನು ಅಕಾಡೆಮಿ ಜನರ ಮುಂದಿಡಲಿ. ಅದು ಜನರ ದುಡ್ಡು, ಆ ಲೆಕ್ಕ ಕೇಳುವ ಹಕ್ಕು ನಮಗಿದೆ.